ಹಬೆಯ ಪರೀಕ್ಷೆ

ಮೀನಿನ ಚರ್ಮದಿಂದ ತೆಗೆದ ಕೊಲಾಜನ್ ಎಂಬ ಅಂಟಿನಿಂದ ಹೊಸ ಮುಖ ಮಾಡಿಸಿಕೊಳ್ಳುವುದು ಮಲ್ಪೆಯಲ್ಲಿ ರೂಢಿಯಾದ ಮೇಲೆ, ಹೆಣ್ಣು ನೋಡಲು ಬಂದವರು ಕುದಿಯುವ ಕಾಫಿಯನ್ನೇ ಕೇಳುತ್ತಿದ್ದರು. ಬಿಸಿ ಹಬೆ ತಾಗಿದರೆ ಅಂತಹ ಮುಖ ಕರಗಿ ಇಳಿಯುತ್ತಿತ್ತು.

“ಲೋಟದ ಮೇಲೆ ಬಾಗು ಮಗಾ, ಇನ್ನೂ ಸ್ವಲ್ಪ,” ಎಂದರು ವರನ ತಾಯಿ ಯಶೋದಾ ಕರ್ಕೇರ.

ಕೊಲಾಜನ್ ತೆಗೆಯುವ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವಾರಿಜಾ ಬಾಗಿದಳು. ಮುಖ ಮಾಡಿಸಿಕೊಂಡದ್ದೆಂಬ ಅನುಮಾನದಿಂದಲೇ ಅವಳಿಗೆ ಎರಡು ಸಂಬಂಧಗಳು ತಪ್ಪಿದ್ದವು. ಕೆನ್ನೆ ಕೆಂಪೇರಿ ಬೆವರಿತು; ಕರಗಲಿಲ್ಲ.

“ಮೀನಿನ ಚರ್ಮದ ನಡುವೆಯೇ ಇರುವವಳು. ನಂಬುವುದು ಹೇಗೆ?” ಎನ್ನುತ್ತ ಯಶೋದಾ ತಾವೇ ಲೋಟದ ಹತ್ತಿರಕ್ಕೆ ಬಗ್ಗಿ ಅವಳ ಮುಖ ನೋಡಿದರು.

ವಾರಿಜಾ ಮೆಲ್ಲನೆ ಲೋಟವನ್ನು ಹಿಂದಕ್ಕೆಳೆದಳು. “ದೂರವಿರಿ, ಅತ್ತೆ. ನಿಮ್ಮ ಗದ್ದ ಬಂಗುಡೆ ಮೀನಿನದು. ಇಳಿಯುತ್ತಿದೆ.”

ಯಶೋದಾ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಪಕ್ಕದಲ್ಲೇ ಕೂತಿದ್ದ ಮಗನ ಕಡೆಗೆ ತಿರುಗದೆಯೇ, “ನಮಗೆ ಹುಡುಗಿ ಒಪ್ಪಿಗೆ,” ಎಂದರು.