ಹೊಲಸು ಪ್ರೀತಿ

ಮಗನ ಪಂಕ್ ಬ್ಯಾಂಡು ಲಂಡನ್ನಿನಲ್ಲಿ ಮೊದಲ ಸಲ ವೇದಿಕೆ ಹತ್ತಿದ ದಿನ ತಾಯಿಯೂ ನೋಡಲು ಹೋಗಿದ್ದಳು. ಎರಡನೇ ಹಾಡಿಗೇ ಎದುರಿಗಿದ್ದ ಹುಡುಗರು ಅವನ ಮೇಲೆ ಉಗುಳತೊಡಗಿದರು. ಮುಖ, ಗಿಟಾರು, ಅವಳೇ ಇಸ್ತ್ರಿ ಮಾಡಿಕೊಟ್ಟಿದ್ದ ಹರಕು ಅಂಗಿ, ಯಾವುದನ್ನೂ ಬಿಡಲಿಲ್ಲ.

ಆಮೇಲೆ ಕರವಸ್ತ್ರದಿಂದ ಅವನ ಕೆನ್ನೆ ಒರೆಸುತ್ತಾ ಅವಳು ಅತ್ತೇಬಿಟ್ಟಳು.

"ಇಷ್ಟು ಅವಮಾನ ಮಾಡಿಸಿಕೊಂಡು ಯಾಕೋ ಹಾಡ್ತೀಯ?"

"ಅವಮಾನ ಅಲ್ಲಮ್ಮ. ನಮ್ಮ ಪಂಕ್ ಮಂದಿಯಲ್ಲಿ ಇಷ್ಟ ಆದ್ರೇನೇ ಉಗಿಯೋದು. ಅವರು ಸುಮ್ನೆ ನಿಂತುಬಿಟ್ರೆ ನಾವು ಸತ್ತ ಹಾಗೆ."

"ಥೂ, ಎಂಥಾ ಹೊಲಸು ಪ್ರೀತಿಯೋ!"

ಅವನು ನಕ್ಕ.

ಮೊದಲ ರೆಕಾರ್ಡು ಹೊರಬರಲು ಇನ್ನೊಂದೇ ವಾರವಿತ್ತು. ಬೇರೆ ಊರಿಗೆ ಹಾಡಲು ಹೊರಟಿದ್ದ ಬ್ಯಾಂಡಿನ ವ್ಯಾನು ದಾರಿಯಲ್ಲಿ ಮಗುಚಿತು. ಅವನೊಬ್ಬ ಉಳಿಯಲಿಲ್ಲ.

ಮಣ್ಣು ಮಾಡಿದ ಮೇಲೆ ಅದೇ ಹುಡುಗರು ಒಬ್ಬೊಬ್ಬರಾಗಿ ಬಂದು, ಅಳುತ್ತಲೇ ಸಮಾಧಿಯ ಮೇಲೆ ಉಗುಳಿದರು. ಪಾದ್ರಿಗಳು ಕೆಂಡಾಮಂಡಲವಾಗಿ ಅವರನ್ನು ಅಟ್ಟಲು ಹೊರಟರು.

"ಬಿಡಿ ಫಾದರ್," ಎಂದಳು ತಾಯಿ. "ಅವರಿಗೆ ನನ್ನ ಮಗ ಅಂದ್ರೆ ಇಷ್ಟ."

ಎಲ್ಲರೂ ಹೋದ ಮೇಲೆ ಅವಳು ಸಮಾಧಿಯ ಪಕ್ಕ ಮಂಡಿಯೂರಿದಳು. ಅತ್ತೂ ಅತ್ತೂ ಬಾಯಿ ಒಣಗಿಹೋಗಿತ್ತು. ಒಂದಿಷ್ಟು ಉಗುಳು ಕೂಡಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು.