ಚಿಂಗಿಯ ಸೂತಕ

ಆಸ್ಪತ್ರೆಯಿಂದ ಸುದ್ದಿ ಬರುವ ಮೊದಲೇ ಭಾಗೀರಥಮ್ಮನವರಿಗೆ ಗಂಡ ಶೇಷಗಿರಿರಾಯರು ಹೋದದ್ದು ತಿಳಿದುಹೋಯಿತು. ರಾಯರು ಬರೆದ ಚಿತ್ರಪುಸ್ತಕ ತೆರೆದರೆ, ಅದರ ಪುಟಗಳಲ್ಲಿ ದಿನಕ್ಕೊಂದು ಹೊಸ ತಂಟೆ ಮಾಡುತ್ತಿದ್ದ ಚಿಂಗಿ ತಲೆ ಬಾಚಿಕೊಂಡು, ಕೈಕಟ್ಟಿ ಕೂತಿದ್ದಳು. ಊರಿನ ಎಲ್ಲ ಪ್ರತಿಗಳಲ್ಲೂ ಹಾಗೆಯೇ. ಬೇರೆಯವರು ಬರೆದ ಪುಸ್ತಕಗಳಲ್ಲಿ ಮಾತ್ರ ಮಕ್ಕಳು ಎಂದಿನಂತೆ ಬೆಲ್ಲ ಕದಿಯುತ್ತ, ಮೇಷ್ಟರ ಕುರ್ಚಿಗೆ ಗೋಂದು ಬಳಿಯುತ್ತ ಇದ್ದರು.

"ಚಿತ್ರಕ್ಕೂ ಸೂತಕವೇನ್ರೀ?" ಎಂದಳು ಪಕ್ಕದ ಮನೆಯ ಪದ್ದಕ್ಕ.

"ಮಕ್ಕಳಿಲ್ಲದ ನಮಗೆ ಅವಳೇ ಅಲ್ವೇನೇ ಮಗಳು?"

ಬಾಯಲ್ಲಿ ಹಾಗೆಂದರೂ ಭಾಗೀರಥಮ್ಮನವರಿಗೆ ಒಳಗೆ ಭಯ. ಬರೆದ ಕೈಯೇ ಇಲ್ಲವಾದ ಮೇಲೆ ಈ ಹುಡುಗಿ ಮತ್ತೆ ಕುಣಿದಾಳೇ? "ಒಂದೇ ಒಂದು ತಂಟೆ ಮಾಡೇ, ಬೈಯಲ್ಲ," ಎಂದು ದಿನವೂ ಬೇಡುತ್ತಿದ್ದರು.

ಹದಿಮೂರನೆಯ ದಿನ, ವೈಕುಂಠ ಸಮಾರಾಧನೆ ಮುಗಿದ ಮೇಲೆ ಪುಸ್ತಕದ ಮುಂದೆ ಒಂದು ಒಬ್ಬಟ್ಟಿಟ್ಟು ತೆರೆದರು. ಚಿಂಗಿ ಜಾಗದಲ್ಲಿರಲಿಲ್ಲ. ಹಾಳೆ ಹಾಳೆ ಹುಡುಕುತ್ತ ಕೊನೆಯ ಪುಟಕ್ಕೆ ಬಂದರೆ, ಜೀವಮಾನವಿಡೀ ಮೀಸೆ ಬೆಳೆಸದ ರಾಯರ ಫೋಟೋಗೆ ದೊಡ್ಡದೊಂದು ಗಿರಿಜಾ ಮೀಸೆ! ಕೆಳಗೆ ಕೂದಲು ಕೆದರಿಕೊಂಡು, ಇದ್ದಿಲು ಹಿಡಿದ ಚಿಂಗಿ ಹಲ್ಲು ಕಿರಿಯುತ್ತಿದ್ದಳು.

"ಕತ್ತೆ! ಅಪ್ಪನ ಮುಖಕ್ಕೇನೇ?" ಎಂದು ಗದರಿದ ಭಾಗೀರಥಮ್ಮನವರ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಕೈಮುಗಿದರು: ಭಗವಂತಾ, ಅವರ ಆತ್ಮಕ್ಕೆ ಶಾಂತಿ ಕೊಡು. ಆ ಮೀಸೆ ಅಳಿಸದೆಯೇ ಅವರನ್ನು ನಿನ್ನ ಪಾದಕ್ಕೆ ಸೇರಿಸಿಕೋ.