ಕಾರಿನ ಟಾಪಿಗೆ ಇಬ್ಬರು

"ಇನ್ನೊಂಚೂರು ಎಡಕ್ಕೆ ಹಿಡಿಯೇ," ಎಂಬ ಮಾತು ಟಿಂಕರಿಂಗ್ ಕೆಲಸದವನ ಬಾಯಿಂದ ಜಾರಿಬಿಟ್ಟಿತು. ಕಾರಿನೊಳಗೆ ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು.

ಮೂವತ್ತು ವರ್ಷ ಅವನು ಮೇಲಿನಿಂದ ಸುತ್ತಿಗೆ ಬಡಿದರೆ, ಅವಳು ಒಳಗೆ ಕೂತು ತಗಡಿಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಿದ್ದಳು. ಅವಳು ಹೋದ ಮೇಲೆ ಟಾಪಿನ ಕೆಲಸಕ್ಕೇ ಅವನು ಕೈ ಹಾಕಿರಲಿಲ್ಲ. ಕೊಂಬೆ ಬಿದ್ದು ತಗ್ಗಾದ ಈ ಹಳೇ ಕಾರನ್ನು ಮಾತ್ರ ಒಲ್ಲೆನ್ನಲಾಗಲಿಲ್ಲ. ಹಿಂದೊಮ್ಮೆ ಅಂದಕ್ಕೆಂದು ಇದರ ಟಾಪು ಕತ್ತರಿಸಿ, ಎತ್ತರವನ್ನು ನಾಲ್ಕು ಬೆರಳು ತಗ್ಗಿಸಿ, ಮತ್ತೆ ಬೆಸುಗೆ ಹಾಕಿದ್ದವರು ಅವರಿಬ್ಬರೇ. ಈಗ ಒಬ್ಬನೇ ಒಂದು ಕೈ ಮೇಲೆ, ಒಂದು ಕೈ ಒಳಗೆ ಚಾಚಿದರೆ ಎಟುಕದು.

ಕಾಯುತ್ತ ಕೂತಿದ್ದ ಕಾರಿನ ಒಡತಿ, ಎಪ್ಪತ್ತರ ಅಜ್ಜಿ, ಮೆಲ್ಲಗೆ ಒಳಗೆ ತೂರಿ ಗಟ್ಟಿಯನ್ನು ಎರಡೂ ಕೈಯಿಂದ ತಗಡಿಗೆ ಒತ್ತಿದರು. "ಇಲ್ಲಿ ಸರೀನಾ?"

"ನಿಮಗ್ಯಾಕಮ್ಮಾ ಈ ಉಸಾಬರಿ? ಕೈ ಅದುರುತ್ತೆ."

"ಅದುರಲಿ ಬಿಡಪ್ಪ. ಮನೇಲಿ ಒಬ್ಬಳೇ ಕೂತು ಏನು ಕಡಿದು ಕಟ್ಟೆ ಹಾಕೋದಿದೆ? ಹೊಡಿ ನೀನು."

ಅವನು ಹೊಡೆದ. ತಗಡಿನಡಿಯಿಂದ ಎದುರೊತ್ತು, ಅವಳು ಹಿಡಿದಾಗಿನಂತೆಯೇ, ಅವನ ಮಣಿಕಟ್ಟಿಗೆ ಬಂತು. ಕಣ್ಣು ಮಂಜಾಗಿ ಎರಡನೆಯ ಏಟು ಗುರಿ ತಪ್ಪಿತು.

"ನೆಟ್ಟಗೆ ಹೊಡಿಯಪ್ಪಾ," ಎಂದರು ಅಜ್ಜಿ ಒಳಗಿನಿಂದ.